ಬನ್ನಿಮಂಟಪದ ಶಾಯಿ: ಸೀಸೆಗೆ ಪೂರ್ತಿ ಅಂಕ, ಬ್ರಷ್ಷಿಗೆ ಅರ್ಧ

ಕೈಲಿ ದುಡ್ಡು ಹಿಡಿದು ಹೋದರೂ ಯಾವ ಅಂಗಡಿಯಲ್ಲೂ ಸಿಗದ, ಆದರೆ ಮತ ಹಾಕಿದವರ ಬೆರಳಿಗೆಲ್ಲ ಬಿಟ್ಟಿಯಾಗಿ ಬಂದು ಕೂರುವ ಸರಕೊಂದು ಮೈಸೂರಿನಲ್ಲಿ ತಯಾರಾಗುತ್ತದೆ. ಮೈಸೂರ್‌ಪಾಕಿನ ಯಾವ ಅಂಗಡಿಗೆ ಎಷ್ಟು ಸ್ಟಾರ್ ಎಂದು ಜಗಳವಾಡುವ ನಾವು, ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿಯ ಶಾಯಿಯ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಸರಕಾಗಿ ಒರೆಗೆ ಹಚ್ಚುವುದಿಲ್ಲ. ಹಚ್ಚಿ ನೋಡಿದರೆ ಗೊತ್ತಾಗುವುದು ಇಷ್ಟು: ಸೀಸೆಯೊಳಗಿನ ರಸಾಯನ ಬಲು ಗಟ್ಟಿ. ಕೆಲಸ ಕೆಡುವುದಿದ್ದರೆ ಹಚ್ಚುವ ಕೈಯಲ್ಲಿ ಕೆಡುತ್ತದೆ.

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು ಇದು. ಈಗ ರಾಜ್ಯ ಸರ್ಕಾರದ ಉದ್ಯಮ. ಶಾಯಿಯ ಪಾಕ ಮಾತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. 1962ರ ಮೂರನೇ ಸಾರ್ವತ್ರಿಕ ಚುನಾವಣೆಯಿಂದ ಪೂರೈಕೆ ಇಲ್ಲಿಂದಲೇ. ಪೂರ್ತಿ ಪಾಕವನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ, ಆದರೆ ಅದರ ಜೀವ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ ಎಂಬುದು ಎಲ್ಲರಿಗೂ ಗೊತ್ತು.

ಹಚ್ಚಿದ ಕ್ಷಣ ಕಾಣುವ ನೇರಳೆ ಬಣ್ಣವನ್ನು ನಂಬಬೇಡಿ. ಅದು ಬರೀ ಡೈ. ಎಲ್ಲಿ ಹಚ್ಚಿದ್ದೇವೆ ಅಂತ ಕಣ್ಣಿಗೆ ಕಾಣಲಿ ಎಂದು ಇರುವುದು, ನಾಲ್ಕು ಸಲ ಸೋಪು ಹಾಕಿದರೆ ಹೋಗುತ್ತದೆ. ನಿಜವಾದ ಗುರುತು ನಿಧಾನಕ್ಕೆ ಕಟ್ಟಿಕೊಳ್ಳುತ್ತದೆ. ಬೆವರಿನ ಉಪ್ಪಿನಲ್ಲಿರುವ ಕ್ಲೋರೈಡಿನ ಜೊತೆ ಬೆಳ್ಳಿ ಸೇರಿ, ನೀರಿಗೆ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಅದರ ಮೇಲೆ ಬಿಸಿಲು ಬಿದ್ದಾಗ ಅತಿ ಸಣ್ಣ ಬೆಳ್ಳಿ ಕಣಗಳು ಹೊರಬರುತ್ತವೆ. ತಟ್ಟೆಯಲ್ಲಿ ಫಳಫಳ ಹೊಳೆಯುವ ಬೆಳ್ಳಿ ಇಷ್ಟು ಸಣ್ಣದಾದಾಗ ಕಪ್ಪಗೆ ಕಾಣುತ್ತದೆ. ಹಳೇ ಕಪ್ಪು-ಬಿಳುಪು ಫೋಟೊ ಫಿಲ್ಮಿನ ಕಪ್ಪೂ ಇದೇ ಬೆಳ್ಳಿಯದು. ಜೊತೆಗೆ ಉಗುರು ಮತ್ತು ಮೇಲ್ಚರ್ಮದ ಕೆರಾಟಿನ್ ಎಂಬ ಪ್ರೋಟೀನಿನಲ್ಲಿ ಗಂಧಕವಿದೆ, ಅದಕ್ಕೂ ಬೆಳ್ಳಿ ಕಚ್ಚಿಕೊಳ್ಳುತ್ತದೆ. ಹೀಗಾಗಿ ಮೇಲೆ ಬಳಿದ ಬಣ್ಣದ ಹಾಗೆ ಉಜ್ಜಿದರೆ ಏಳುವುದಿಲ್ಲ; ಕಲೆ ಹುಟ್ಟಿರುವುದೇ ಚರ್ಮದೊಳಗೆ. 2024ರ ಏಪ್ರಿಲ್ 26ರಂದು ಮೈಸೂರು, ಮಂಡ್ಯದಲ್ಲಿ ಮತ ಹಾಕಿದವರ ಬೆರಳು ಬೂತಿನಲ್ಲಿ ನೇರಳೆಯಾಗಿದ್ದು, ಬಿಸಿಲಲ್ಲಿ ಮನೆ ಸೇರುವ ಹೊತ್ತಿಗೆ ಕಪ್ಪಾಗಿದ್ದು ಈ ಕಾರಣಕ್ಕೇ.

ಈಗ ಅಳತೆ. ಒಂದು ಸೀಸೆಯಲ್ಲಿ 10 ಮಿಲಿಲೀಟರ್ ಶಾಯಿ, ಸುಮಾರು 700 ಜನಕ್ಕೆ ಸಾಕು ಎಂಬುದು ಲೆಕ್ಕ. ಅಂದರೆ ತಲೆಗೆ 0.014 ಮಿಲಿಲೀಟರ್, ಒಂದು ಹನಿಯ ಮೂರನೇ ಒಂದು ಪಾಲೂ ಇಲ್ಲ. ಚುನಾವಣಾ ಶಾಯಿಗಳಲ್ಲಿ ಸಾಮಾನ್ಯವಾಗಿ ಶೇ 10ರಿಂದ 18ರಷ್ಟು ಸಿಲ್ವರ್ ನೈಟ್ರೇಟ್ ಇರುತ್ತದೆ. ಆ ಲೆಕ್ಕ ಹಿಡಿದರೆ ಒಬ್ಬರ ಬೆರಳಿಗೆ ಹೋಗುವ ಬೆಳ್ಳಿ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ. 2024ರ ಲೋಕಸಭಾ ಚುನಾವಣೆಗೆ ಹೋದ ಸೀಸೆಗಳು 26 ಲಕ್ಷಕ್ಕೂ ಹೆಚ್ಚು. ಬೆಳ್ಳಿ ರೇಟು ಏರಿದರೆ ಚಿನಿವಾರರಿಗಷ್ಟೇ ಅಲ್ಲ, ಚುನಾವಣಾ ಆಯೋಗಕ್ಕೂ ಬಿಸಿ ತಟ್ಟುತ್ತದೆ.

ಕೆಲಸ ಕೆಡುವುದು ಬೂತಿನಲ್ಲಿ ಶಾಯಿ ಹಚ್ಚುವ ಎರಡನೇ ಪೋಲಿಂಗ್ ಆಫೀಸರ್ ಮೇಜಿನಲ್ಲಿ. 2006ರ ಫೆಬ್ರವರಿ 1ರಿಂದ ನಿಯಮ ಹೀಗಿದೆ: ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನ ಕೆಳಗಿನವರೆಗೆ ಒಂದು ಉದ್ದ ಗೆರೆ. ಹೊತ್ತು ಏರಿದ ಹಾಗೆ, ಸಾಲು ಉದ್ದವಾದ ಹಾಗೆ, ಈ ಗೆರೆ ಕುಗ್ಗುತ್ತಾ ಹೋಗಿ ಮಧ್ಯಾಹ್ನದ ಹೊತ್ತಿಗೆ ಉಗುರಿನ ಮೇಲೊಂದು ಚುಕ್ಕೆಯಾಗಿ ನಿಲ್ಲುತ್ತದೆ. ಇದು ದೊಡ್ಡ ತಪ್ಪು. ನೇಲ್ ಪಾಲಿಶ್ ಹಾಕಿದ ಉಗುರಾದರೆ ಶಾಯಿ ಕೂರುವುದು ಪಾಲಿಶ್ ಮೇಲೆ. ಅಲ್ಲಿ ಉಪ್ಪೂ ಇಲ್ಲ, ಕೆರಾಟಿನ್ನೂ ಇಲ್ಲ, ಕಚ್ಚಿಕೊಳ್ಳಲು ಏನೂ ಇಲ್ಲ. ಉಗುರಿನ ಬುಡದ ಮಡಿಕೆಗೆ, ಅದರ ಹಿಂದಿನ ಚರ್ಮಕ್ಕೆ ಶಾಯಿ ಇಳಿಯಲೇಬೇಕು.

ಎರಡನೆಯದು ಜಿಡ್ಡು. ತಲೆಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಬಂದ ಕೈ, ಟ್ರ್ಯಾಕ್ಟರಿನ ಗ್ರೀಸು ಮುಟ್ಟಿದ ಕೈ, ಮಂಡ್ಯ ಕಡೆಯಾದರೆ ಆಲೆಮನೆಯಿಂದ ನೇರ ಬಂದ ಬೆಲ್ಲದಂಟಿನ ಕೈ. ಮಧ್ಯೆ ಹೀಗೊಂದು ಪದರ ಕೂತರೆ ಶಾಯಿ ಚರ್ಮ ಮುಟ್ಟುವುದೇ ಇಲ್ಲ. ಅದಕ್ಕೇ ಮೊದಲು ಬಟ್ಟೆಯಿಂದ ಬೆರಳು ಒರೆಸಿ ಆಮೇಲೆ ಹಚ್ಚಿ ಎಂದು ಚುನಾವಣಾ ಆಯೋಗದ ಕೈಪಿಡಿ ಹೇಳುತ್ತದೆ. ಒಂದು ಹಳೇ ಹತ್ತಿ ಬಟ್ಟೆ ಮೇಜಿನ ಮೇಲಿದ್ದರೆ ಮುಗಿಯಿತು. ಬೂತಿನ ಸಾಮಾನು ಪಡೆಯುವ ಮಸ್ಟರಿಂಗ್ ದಿನ ಪೆನ್ನು, ಪಿನ್ನು, ಗೋಂದು ಎಲ್ಲ ಎಣಿಸಿಕೊಳ್ಳುವವರು ಈ ಬಟ್ಟೆಯನ್ನೇ ಮರೆಯುತ್ತಾರೆ.

ಮೂರನೆಯದು ಒಣಗುವ ಸಮಯ. ಶಾಯಿಯಲ್ಲಿ ಆಲ್ಕೋಹಾಲ್ ಇರುವುದರಿಂದ ಒಂದು ನಿಮಿಷದೊಳಗೆ ಒಣಗುತ್ತದೆ, ಆದರೆ ಆ ಒಂದು ನಿಮಿಷ ಕೊಡಬೇಕು. ಮೊದಲು ಶಾಯಿ, ಆಮೇಲೆ 17ಎ ಎಂಬ ಮತದಾರರ ರಿಜಿಸ್ಟರಿನಲ್ಲಿ ಸಹಿ, ಆಮೇಲೆ ಚೀಟಿ, ಕೊನೆಗೆ ಮತಯಂತ್ರದ ಕಂಟ್ರೋಲ್ ಯೂನಿಟ್ ಹತ್ತಿರ ಮತ್ತೊಬ್ಬರು ಬೆರಳು ನೋಡಿ ಬಿಡುವುದು. ಈ ಅನುಕ್ರಮ ಯಾರೋ ಸುಮ್ಮನೆ ಬರೆದದ್ದಲ್ಲ. ಬೆರಳು ಒಣಗಲೆಂದೇ ಸಹಿಯನ್ನು ಹಿಂದಕ್ಕೆ ಹಾಕಿದ್ದಾರೆ. ರಶ್ಶಿನಲ್ಲಿ ಮೊದಲು ಸಹಿ ಹಾಕಿಸಿ ಕೊನೆಗೆ ಶಾಯಿ ಮುಟ್ಟಿಸಿದರೆ, ಹಸಿ ಶಾಯಿ ಪಂಚೆಗೋ ಸೆರಗಿಗೋ ಹೋಗುತ್ತದೆ. ಅಲ್ಲಿ ಅದು ಖಾಯಂ. ಬಟ್ಟೆ ಸೋಪಿಗೆ ಜಗ್ಗುವುದಿಲ್ಲ.

ಇನ್ನು ಬ್ರಷ್ಷು. ಒದ್ದೆ ಬೆವರಿನ ಬೆರಳು ಸವರಿದ ಬ್ರಷ್ಷು ಮತ್ತೆ ಸೀಸೆಗೇ ಮುಳುಗುತ್ತದೆ. ಪ್ರತಿ ಸಲ ಚೂರು ಉಪ್ಪು ಒಳಗೆ ಹೋಗುತ್ತದೆ, ಆ ಉಪ್ಪು ಚೂರು ಬೆಳ್ಳಿಯನ್ನು ಸೀಸೆಯಲ್ಲೇ ಕಟ್ಟಿಹಾಕುತ್ತದೆ. ನೂರಾರು ಬೆರಳಾದ ಮೇಲೆ ತಳದಲ್ಲಿ ಗಸಿ ಕಂಡರೆ ಆಶ್ಚರ್ಯವಿಲ್ಲ. ಮುಚ್ಚಳ ತೆಗೆದೇ ಇಟ್ಟರೆ ಆಲ್ಕೋಹಾಲ್ ಹಾರಿ ಶಾಯಿ ಮಂದವಾಗುತ್ತದೆ, ಬ್ರಷ್ಷಿನ ಕೂದಲು ಕಡ್ಡಿಯಾಗುತ್ತದೆ, ಗೆರೆ ಎಳೆದರೆ ಎರಡು ಕಂಬಿ ಬೀಳುತ್ತದೆ. ಆಗ ಕೆಲವರಿಗೆ ಹೊಳೆಯುವ ಉಪಾಯ ನಾಲ್ಕು ಹನಿ ನೀರು. ದಯವಿಟ್ಟು ಬೇಡ. ನೀರಿನಲ್ಲಿ ಕ್ಲೋರೈಡ್ ಇದೆಯೇ ಎಂದು ಕಾಲೇಜು ಲ್ಯಾಬಿನಲ್ಲಿ ಪರೀಕ್ಷಿಸುವುದೇ ಸಿಲ್ವರ್ ನೈಟ್ರೇಟ್ ಹನಿ ಹಾಕಿ. ಬೋರ್‌ವೆಲ್ ನೀರಾದರಂತೂ ಹಾಲಿನಂತೆ ಬಿಳಿ ತಿರುಗುತ್ತದೆ. ಆ ಬಿಳುಪೆಲ್ಲ ಬೆರಳಿಗೆ ಹೋಗಬೇಕಿದ್ದ ಬೆಳ್ಳಿ.

ಎಷ್ಟು ದಿನ ಇರುತ್ತದೆ? ಚರ್ಮದ ಮೇಲಿನದ್ದು ಮೇಲ್ಪದರ ಉದುರಿದ ಹಾಗೆ ಹೋಗುತ್ತದೆ, ಎರಡರಿಂದ ನಾಲ್ಕು ವಾರ. ದಿನವಿಡೀ ಪಾತ್ರೆ ತೊಳೆಯುವ ಕೈಯಾದರೆ ಬೇಗ. ಉಗುರಿನದ್ದು ಬೇರೆ ಲೆಕ್ಕ. ಉಗುರು ತಿಂಗಳಿಗೆ ಬೆಳೆಯುವುದು ಮೂರು ಮಿಲಿಮೀಟರ್ ಚಿಲ್ಲರೆ, ಬುಡದಲ್ಲಿ ಬಿದ್ದ ಕಲೆ ತುದಿಗೆ ಬಂದು ಕತ್ತರಿಗೆ ಸಿಗಲು ತಿಂಗಳುಗಳೇ ಬೇಕು. ಈ ಗಟ್ಟಿತನವೇ ಕೆಲವೊಮ್ಮೆ ತೊಡಕು. ಮರುಮತದಾನವಾದರೆ ತೋರುಬೆರಳಿನ ಗುರುತು ಇನ್ನೂ ಹೋಗಿರುವುದಿಲ್ಲ, ಅದಕ್ಕೆ ಮಧ್ಯದ ಬೆರಳಿಗೆ ಹಚ್ಚುತ್ತಾರೆ. 2016ರ ನವೆಂಬರಿನಲ್ಲಿ ನೋಟು ಬದಲಾಯಿಸಲು ಬಂದವರಿಗೆ ಬ್ಯಾಂಕಿನಲ್ಲಿ ಶಾಯಿ ಹಚ್ಚಲು ಹೊರಟಾಗ ಬಲಗೈ ಬೆರಳನ್ನು ಆರಿಸಿದ್ದು ಕೂಡ ಇದೇ ಗೊಂದಲ ತಪ್ಪಿಸಲು.

ಬೆಳ್ಳಿ ಇಲ್ಲದ ಶಾಯಿ ಹೇಗಿರುತ್ತದೆ ಎಂದು ನೋಡಬೇಕಿದ್ದರೆ 2013ರ ಮಲೇಶಿಯಾ ಚುನಾವಣೆ ಇದೆ. ಅಲ್ಲಿ ಬೇರೆ ಕಡೆಯ ಶಾಯಿ ಬಳಸಿದ್ದರು, ಅದು ತೊಳೆದರೆ ಹೋಗುತ್ತದೆ ಎಂದು ಜನ ಗಲಾಟೆ ಎಬ್ಬಿಸಿದರು; ಅದರಲ್ಲಿದ್ದದ್ದು ಆಹಾರದ ಬಣ್ಣ ಎಂದು ಸರ್ಕಾರವೇ ಆಮೇಲೆ ಸಂಸತ್ತಿನಲ್ಲಿ ಹೇಳಿತು. ಮೈಸೂರಿನ ಶಾಯಿ 25ಕ್ಕೂ ಹೆಚ್ಚು ದೇಶಗಳಿಗೆ ಹೋಗಿದೆ. ಕಾಂಬೋಡಿಯಾದಲ್ಲಿ ಬೆರಳನ್ನೇ ಅದ್ದುತ್ತಾರೆ, ಟರ್ಕಿಯಲ್ಲಿ ನಾಝಲ್‌ನಿಂದ ಹನಿಸುತ್ತಿದ್ದರು. ಅದ್ದುವ ಪದ್ಧತಿಗೆ ಶಾಯಿ ಹೆಚ್ಚು ಬೇಕು, ಆದರೆ ಉಗುರಿನ ಬುಡ ತಪ್ಪಿಹೋಗುವ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಬ್ರಷ್ ಪದ್ಧತಿ ಬೆಳ್ಳಿ ಉಳಿಸುತ್ತದೆ, ಹೊಣೆಯನ್ನು ಕೈಗೆ ಬಿಡುತ್ತದೆ. ಅರ್ಧ ಅಂಕ ಕಳೆದದ್ದು ಅದಕ್ಕೇ.

ಬೂತ್ ಡ್ಯೂಟಿ ಬಿದ್ದವರಿಗೆ ಎರಡು ಮಾತು. ಸೀಸೆಯನ್ನು ಬರೀ ಮೇಜಿನ ಮೇಲೆ ನಿಲ್ಲಿಸಬೇಡಿ, ಒಂದು ಲೋಟದಲ್ಲಿ ಮರಳು ತುಂಬಿ ಅದರಲ್ಲಿ ಮುಕ್ಕಾಲು ಹೂತಿಡಿ. ರಿಜಿಸ್ಟರ್ ಎಳೆಯುವಾಗ ಮೊಣಕೈ ತಾಗಿ ಉರುಳಿದರೆ 700 ಜನರ ಶಾಯಿ ಒಮ್ಮೆಗೇ ಹೋಯಿತು. ಕಿಟಕಿಯ ಬಿಸಿಲು ಸೀಸೆಗೆ ಬೀಳದ ಕಡೆ ಕೂತುಕೊಳ್ಳಿ. ಕೈ ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ, ಸಿಲ್ವರ್ ನೈಟ್ರೇಟ್ ಕಣ್ಣಿಗೆ ಸುಡುತ್ತದೆ. ಚರ್ಮ ಸೂಕ್ಷ್ಮವಿದ್ದರೆ ಗ್ಲೌಸ್ ಹಾಕಿ. ಸಂಜೆ ಸಾಮಾನು ಹಿಂದಿರುಗಿಸುವ ಡಿಮಸ್ಟರಿಂಗ್‌ಗೆ ಹೊರಡುವ ಮೊದಲು ಉಳಿದ ಸೀಸೆಯ ಬಿರಡೆ ಬಿಗಿ ಮಾಡಿ, ಅದರ ಸುತ್ತ ಮೇಣದ ಬತ್ತಿ ಕರಗಿಸಿ ಬಿಟ್ಟು ಮುಚ್ಚಿ. ಹಾಗೆ ಮಾಡದೆ ಬ್ಯಾಗಿಗೆ ಹಾಕಿದರೆ ಬಸ್ಸಿನ ಕುಲುಕಾಟಕ್ಕೆ ಸೋರಿ, ಪಕ್ಕದಲ್ಲಿರುವ ಲಕೋಟೆಗಳಿಗೂ ಗುರುತು ಬೀಳುತ್ತದೆ.