ಪೆರ್ಲ ಹತ್ತಿರ ಮಾಷ್ಟ್ರ ಮನೆ: ಸುರಂಗ ನಡಿಗೆ ಸೂಪರ್, ರೂಮು ಅಷ್ಟಕ್ಕಷ್ಟೇ

ಸ್ಟಾರ್ ಕೊಡುದಾದ್ರೆ ನಡಿಗೆಗೆ ಐದು, ಊಟಕ್ಕೆ ಐದು, ರೂಮಿಗೆ ಎರಡೂವರೆ. ರೂಮಿನ ಕತೆ ಮೊದ್ಲೇ ಮುಗಿಸಿಬಿಡ್ತೇನೆ. ಗೀಸರ್ ಇಲ್ಲ, ಹಂಡೆನೀರಿಗೆ ಎಲ್ರೂ ಲೈನು, ಹಾಸಿಗೆ ಸ್ವಲ್ಪ ತಂಡಿ ವಾಸನೆ, ನೆಟ್‌ವರ್ಕ್ ಬೇಕಾದ್ರೆ ಅಂಗಳದ ತುದಿಗೆ ಹೋಗಿ ನಿಲ್ಬೇಕು. ಅದೆಲ್ಲ ಆಗುದಿಲ್ಲ ಅನ್ನುವವರು ಬೆಳಿಗ್ಗೆ ಬಂದು ನಡಿಗೆ, ಊಟ ಮುಗಿಸಿ ಸಂಜೆ ಹೋಗಿ, ಏನೂ ಲಾಸಿಲ್ಲ.

ಕಾಸರಗೋಡಿಂದ ಬರುವವರು ಚೆರ್ಕಳ, ಬದಿಯಡ್ಕ ದಾಟಿ ಪೆರ್ಲದಲ್ಲಿ ಇಳಿದು ಜೀಪು ಮಾಡ್ಬೇಕು. ಮನೆ ಒಬ್ಬರು ಸೋಶಿಯಾಲಜಿ ಪ್ರೊಫೆಸರ್ದು, ಊರವರಿಗೆ ಬರೀ ಮಾಷ್ಟ್ರು. ಅವರು ಈಗಿಲ್ಲ, ನಡೆಸುದು ಅವರ ಹೆಂಡತಿ, ಸಣ್ಣವರು ದೊಡ್ಡವರು ಎಲ್ಲ ಅವರನ್ನು ಅಕ್ಕ ಅಂತಲೇ ಕರೆಯುದು. ಮಾಷ್ಟ್ರ ಬಗ್ಗೆ ಹೇಳದೆ ಈ ರಿವ್ಯೂ ಬರೆಯುವ ಹಾಗೆಯೇ ಇಲ್ಲ, ಯಾಕಂದ್ರೆ ನಾವು ದುಡ್ಡು ಕೊಟ್ಟು ನಡೆಯುದೇ ಅವರು ನಡೆದ ದಾರಿಯಲ್ಲಿ. ವಾರವಿಡೀ ಕಾಲೇಜು, ರಜೆ ಬಂತಂದ್ರೆ ಗುಡ್ಡ, ಮನೆಯಲ್ಲಿ ಕೂತ ಜನವೇ ಅಲ್ವಂತೆ. ಪೊಸಡಿ ಗುಂಪೆಗೆ, ರಾಣಿಪುರಂನ ಹುಲ್ಲುಗುಡ್ಡೆಗೆ ಮಕ್ಕಳನ್ನು ಹತ್ತಿಸಿ ಅಲ್ಲೇ ಅಟೆಂಡೆನ್ಸ್ ತೆಗೀತಿದ್ರಂತೆ, ಇಂಬಳ ಕಚ್ಚಿದೆ ಅಂತ ಯಾರಾದ್ರೂ ಕೂಗಿದ್ರೆ ಅವನ ಹೆಸರು ಮೊದ್ಲು ಬರ್ಕೊಳ್ತಿದ್ರಂತೆ 😄

ಈಗ ನಡಿಗೆ ಮಾಡಿಸುದು ಪಕ್ಕದ ಮನೆಯ ಅಣ್ಣ, ಸುರಂಗ ತೋಡುವವರು. ಸುರಂಗ ಗೊತ್ತಿಲ್ಲದವರಿಗೆ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ತೋಡಿದ ಬಾವಿ ಅಂತ ಇಟ್ಕೊಳ್ಳಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ, ಕೆಲವು ಮೂವತ್ತು ನಲ್ವತ್ತು ಅಡಿಗೇ ನಿಂತದ್ದು, ಕೆಲವು 300 ಮೀಟರ್ ವರೆಗೂ ಹೋದದ್ದುಂಟು, ಪಂಪು ಬೇಡ ಕರೆಂಟು ಬೇಡ, ನೀರು ತನ್ನಷ್ಟಕ್ಕೇ ಹರಿದು ಹೊರಗೆ ಬರ್ತದೆ. ಇಲ್ಲಿಂದ ಗಡಿ ದಾಟಿದ್ರೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು, ಒಬ್ಬರೇ ಸುರಂಗ ತೋಡಿ ಬೋಳುಗುಡ್ಡವನ್ನು ತೋಟ ಮಾಡಿದವರು, 2022ರಲ್ಲಿ ಪದ್ಮಶ್ರೀ ಬಂದದ್ದು ನೆನಪಿರ್ಬಹುದು.

ಒಳಗೆ ಹೋಗುವಾಗ ಅಣ್ಣ ಮುಂದೆ, ಕೈಯಲ್ಲಿ ಟಾರ್ಚ್ ಇದ್ರೂ ಒಂದು ಮೊಂಬತ್ತಿ, ಅದು ನಂದಿದ್ರೆ ಗಾಳಿ ಸಾಲದು ಅಂತ ಅರ್ಥ, ಮಾತಿಲ್ಲದೆ ವಾಪಸ್. ಕಾಲಡಿ ತಣ್ಣಗಿನ ನೀರು, ಗೋಡೆ ತುಂಬ ಪಿಕ್ಕಾಸಿನ ಏಟು, ಆ ಗೀಟು ಯಾವ ಕಡೆಗೆ ಓರೆ ಉಂಟು ನೋಡಿಯೇ ಇದು ಎಡಗೈಯವ ತೋಡಿದ್ದು ಅಂತ ಹೇಳ್ತಾರೆ ಮಾರಾಯ್ರೆ!

ನಂಗೆ ದುಡ್ಡು ವಸೂಲಿ ಆದದ್ದು ಮಾತ್ರ ಹೊರಗೆ ಬಂದ ಮೇಲೆ. ಮಾಷ್ಟ್ರ ನೋಟ್‌ಬುಕ್ಕಿನ ಜೆರಾಕ್ಸ್ ಅಣ್ಣನ ಚೀಲದಲ್ಲಿರ್ತದೆ. ಒಂದೊಂದು ಸುರಂಗಕ್ಕೆ ಒಂದೊಂದು ಪುಟ, ಉದ್ದ ಎಷ್ಟು ಹೆಜ್ಜೆ, ಜಾಗ ಯಾರದ್ದು, ತೋಡಿದ್ದು ಯಾರು, ಮೊದಲಿಗೆ ಕುಡಿದದ್ದು ಯಾರು, ಬಾಯಿಯ ಹತ್ತಿರ ಬರುದಕ್ಕೆ ಯಾರನ್ನು ಬಿಡ್ತಿರ್ಲಿಲ್ಲ. ತೋಡಿದವರ ಹೆಸರೂ ಹತ್ತಿರ ಬರ್ಲಿಕ್ಕಾಗದವರ ಹೆಸರೂ ಎಷ್ಟೋ ಪುಟದಲ್ಲಿ ಒಂದೇ. ಅಣ್ಣನ ಅಪ್ಪನ ಹೆಸರೂ ಉಂಟು, ಅವರು ಅದನ್ನು ಬೆರಳಿಟ್ಟು ತೋರಿಸಿ ನೀರು ತೋಡಿದವನಿಗೆ ನೀರು ಮೇಲಿಂದ ಹೊಯ್ತಿದ್ರು ಅಂತ ಹೇಳಿ ಮುಂದಿನ ಪುಟಕ್ಕೆ ಹೋಗ್ತಾರೆ. ಅದೇ ಗುಡ್ಡದ ತುದಿಯಿಂದ ಎಣ್ಮಕಜೆಯ ಗೇರು ತೋಟಗಳ ಬದಿ ತೋರಿಸ್ತಾರೆ, ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಹೊಯ್ದದ್ದು, ಸುಪ್ರೀಂ ಕೋರ್ಟು ದೇಶಕ್ಕೇ ನಿಲ್ಸಿದ್ದು 2011ರಲ್ಲಿ. ಆಗ ಮಾಷ್ಟ್ರು ಆ ಬದಿ ಮನೆಮನೆಗೆ ನಡ್ಕೊಂಡೇ ಹೋಗಿದ್ರಂತೆ, ಜೀಪಲ್ಲಿ ಬಂದವರ ಹತ್ರ ಜನ ಬಾಯಿ ಬಿಡುದಿಲ್ಲ ಅಂತ.

ಅಕ್ಕ ಇನ್ನೊಂದು ಹೇಳಿದ್ರು. ಸೋಶಿಯಾಲಜಿಯಲ್ಲಿ ದೊಡ್ಡ ಹೆಸರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಬದಿಯ ಹಳ್ಳಿಯಲ್ಲಿ ಉಳಿದು ಮಾಡಿದ ಕೆಲಸದ ಒಪ್ಪ ಮಾಡಿಟ್ಟ ನೋಟ್ಸಿನ ಮೂರೂ ಪ್ರತಿ 1970ರಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಯಲ್ಲಿ ಹೋಯ್ತು, ಆಮೇಲೆ ನೆನಪಿಂದಲೇ ಪುಸ್ತಕ ಬರೆದ್ರು. ಇದನ್ನು ಕ್ಲಾಸಲ್ಲಿ ಹೇಳಿ ಹೇಳಿ ಮಾಷ್ಟ್ರಿಗೇ ಹೆದ್ರಿಕೆ ಹತ್ತಿ ಒಂದು ಪ್ರತಿ ಅಕ್ಕಿ ಡಬ್ಬಿಯಲ್ಲಿ, ಒಂದು ತಂಗಿ ಮನೆಯಲ್ಲಿ ಇಡ್ತಿದ್ರಂತೆ. ಬೆಂಕಿ ಬರ್ಲಿಲ್ಲ, ಡಬ್ಬಿಯದ್ದಕ್ಕೆ ಗೆದ್ದಲು ಬಂತು!

ಊಟ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಉಪ್ಪುಸೊಳೆ ಪಲ್ಯ, ಮಜ್ಜಿಗೆ. ಮೀನು ಕೇಳ್ಬೇಡಿ, ಸಿಗುದಿಲ್ಲ. ಕುಡಿಯುದು ಸುರಂಗದ ನೀರೇ, ಬಾಟ್ಲಿ ಇಟ್ಟಿಲ್ಲ, ಸುತ್ತ ಬೋರ್‌ವೆಲ್ ಆದ ಮೇಲೆ ಏಪ್ರಿಲ್ ಮೇಯಲ್ಲಿ ಒರತೆ ಸಣ್ಣ ಆಗ್ತದೆ ಅಂತ ಅಕ್ಕನಿಗೆ ಬೇಜಾರು. ರೇಟು ಸ್ವಲ್ಪ ಜಾಸ್ತಿ ಅನ್ನಿಸ್ಬಹುದು ಆದ್ರೆ ಅದ್ರಲ್ಲಿ ಅರ್ಧ ಅಣ್ಣನಿಗೆ ಹೋಗ್ತದೆ ಅಂತ ಗೊತ್ತಾದ ಮೇಲೆ ನಾನು ಚೌಕಾಸಿ ಮಾಡ್ಲಿಲ್ಲ. ಮಂಡಿ ನೋವಿದ್ದವರು, ಇಕ್ಕಟ್ಟಿನ ಜಾಗ ಆಗದವರು ಒಳಗೆ ಹೋಗ್ಬೇಡಿ, ಹೊರಗೆ ಕೂತ್ರೂ ನೋಟ್‌ಬುಕ್ ನೋಡ್ಬಹುದು. ಮಳೆ ಬಿಟ್ಟ ಮೇಲೆ ಅಕ್ಟೋಬರಿಂದ ಜನವರಿ ಒಳ್ಳೇದು. ಬುಕಿಂಗ್ ಫೋನಲ್ಲೇ, ಮತ್ತೆ ಮಾಡುವ ಮೊದ್ಲು ಆಚೀಚೆ ಎಲ್ಲಾದ್ರೂ ಯಕ್ಷಗಾನ ಉಂಟಾ ಕೇಳಿ, ಆಟ ನೋಡಿ ಬಂದ ಅಣ್ಣನನ್ನು ಮರುದಿನ ಹತ್ತು ಗಂಟೆಗೆ ಮೊದ್ಲು ಅಕ್ಕನಿಗೂ ಎಬ್ಬಿಸ್ಲಿಕ್ಕೆ ಆಗುದಿಲ್ಲ.