ಮಂಜು, ಬತ್ತಿ, ಕೂಲರ್, ಒದ್ದೆ ಟವಲ್: ಪುಣೆಯ ಒಣಗಾಳಿಗೆ ನಾವು ಮಾಡಿ ನೋಡಿದ್ದು

ಫೆಬ್ರವರಿ ಕೊನೆಯಲ್ಲಿ ಅವ್ವನ ತಂಬೂರಿಯ ಬಿರಡೆ ಜಾರತೊಡಗಿತು. ಶ್ರುತಿ ಮಾಡಿ ಐದು ನಿಮಿಷ ಆಗುವಷ್ಟರಲ್ಲಿ ತಂತಿ ಸಡಿಲ. ಅದೇ ವಾರ ಮಗನಿಗೆ ಎರಡು ರಾತ್ರಿ ಮೂಗಿನಿಂದ ರಕ್ತ ಬಂತು. ಡಾಕ್ಟರು ಮೂಗಿಗೆ ಉಪ್ಪುನೀರಿನ ಹನಿ ಬರೆದುಕೊಟ್ಟು, "ಕೋಣೆಯ ಗಾಳಿ ಬಹಳ ಒಣಗಿದೆ, ಸ್ವಲ್ಪ ತೇವ ಇರಲಿ" ಅಂದರು. ಅವ್ವ ಅದನ್ನು ಕೇಳಿ, "ಮತ್ತ ನನ್ನ ತಂಬೂರಿಗೂ ಅದ ಆಗೇದ ನೋಡವಾ" ಅಂದಳು. ಅವಳ ಮಾತು ಸರಿ ಇತ್ತು.

ನಾವು ಧಾರವಾಡದ ಕಡೆಯವರು, ಪುಣೆಯ ಕೋಥರೂಡಿಗೆ ಬಂದು ಹನ್ನೊಂದು ವರ್ಷ. ಅವ್ವ ಮೊದಲು ಬರೀ ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಬಂದು ಹೋಗುತ್ತಿದ್ದಳು. ಭೀಮಸೇನ ಜೋಶಿಯವರು ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಶುರು ಮಾಡಿದ್ದು, ಗುರುಗಳು ಕುಂದಗೋಳದವರು, ಹಾಗಾಗಿ ಅದು ನಮ್ಮ ಮನೆ ಕಾರ್ಯಕ್ರಮ ಅಂತಲೇ ಅವಳ ಭಾವನೆ. ಈಗ ತಂಬೂರಿ ಸಮೇತ ಇಲ್ಲೇ ಇದ್ದಾಳೆ.

ಮೊದಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಾಪಕೀರ್ ಗಲ್ಲಿಗೆ ಹೋಗಿ ಎರಡು ಹ್ಯುಮಿಡಿಟಿ ಮೀಟರ್ ತಂದೆ, ಗಾಳಿಯ ತೇವವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವಂಥವು. ಒಂದೇ ಅಂಗಡಿ, ಒಂದೇ ಡಬ್ಬಿ. ಮನೆಗೆ ತಂದು ಅಕ್ಕಪಕ್ಕ ಇಟ್ಟರೆ ಒಂದು 31 ಅನ್ನುತ್ತದೆ, ಇನ್ನೊಂದು 26. ಯಾವುದನ್ನು ನಂಬಬೇಕು? ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿ ಹೋಗದಂತೆ ನಾಲ್ಕು ಹನಿ ನೀರು ಬಿಟ್ಟು, ಮೀಟರಿನ ಜೊತೆ ಜಿಪ್ ಚೀಲದಲ್ಲಿ ಮುಚ್ಚಿಡುವುದು. ಒಂದು ರಾತ್ರಿ ಬಿಟ್ಟರೆ ಚೀಲದೊಳಗಿನ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ನಮ್ಮದರಲ್ಲಿ ಒಂದು 74 ತೋರಿಸಿತು, ಇನ್ನೊಂದು 69. ಎರಡನೆಯದರ ಬೆನ್ನಿಗೆ "+6" ಅಂತ ಚೀಟಿ ಅಂಟಿಸಿದೆ. ತೇವ ಕೊಡುವ ಯಂತ್ರ ಕೊಳ್ಳುವ ಮೊದಲು ಇದನ್ನು ಮಾಡಿ. ಇಲ್ಲದಿದ್ದರೆ ಮುಂದಿನದೆಲ್ಲ ಸುಮ್ನೆ ಊಹೆ.

ಮಾರ್ಚ್ ಮಧ್ಯದಿಂದ ಅಳೆಯುತ್ತ ಹೋದೆ. ಮಧ್ಯಾಹ್ನ ಮನೆಯ ಹಾಲ್‌ನಲ್ಲಿ ತೇವ 20ರ ಆಸುಪಾಸು. ರಾತ್ರಿ ಮಲಗುವ ಕೋಣೆಯಲ್ಲಿ ಏಸಿ 26 ಡಿಗ್ರಿಗೆ ಇಟ್ಟಾಗ ತೇವ 28. ಮನೆಯವರೆಲ್ಲ ಏಸಿಯನ್ನೇ ಬಯ್ಯುತ್ತಿದ್ದರು, ಅದೇ ಗಾಳಿ ಒಣಗಿಸುತ್ತದೆ ಅಂತ. ನಾನೂ ಬಯ್ದಿದ್ದೆ. ಆಮೇಲೆ ಒಂದು ರಾತ್ರಿ ಬಾಲ್ಕನಿಯಲ್ಲಿ ಏಸಿಯ ನೀರಿನ ಪೈಪ್ ನೋಡಿದೆ. ಒಂದು ಹನಿ ಇಲ್ಲ, ಕೆಳಗಿನ ಬಕೆಟ್ ಒಣ ಒಣ. ಏಸಿ ಗಾಳಿಯಿಂದ ನೀರು ತೆಗೆದರೆ ಆ ನೀರು ಪೈಪಿನಲ್ಲಿ ಬರಲೇಬೇಕಲ್ವಾ? ಮಳೆಗಾಲದಲ್ಲಿ ಬಕೆಟ್ ತುಂಬುತ್ತದೆ. ಬೇಸಿಗೆಯಲ್ಲಿ ಹೊರಗಿನ ಗಾಳಿಯೇ ಇಷ್ಟು ಒಣ, ಏಸಿಗೆ ತೆಗೆಯಲು ಏನೂ ಸಿಗುವುದಿಲ್ಲ. ಏಸಿ ಮೇಲಿನ ಆರೋಪ ಅವತ್ತಿಗೆ ಕೈಬಿಟ್ಟೆ.

ಇಷ್ಟರಲ್ಲಿ ಮಿನಿಯಾಪೊಲಿಸಿನಲ್ಲಿರುವ ತಮ್ಮನ ಫೋನು. ಅವನು ಅಲ್ಲಿ ಇಡೀ ಮನೆಗೆ ಒಂದೇ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಕೊಡುವ ಯಂತ್ರ, ಹಾಕಿಸಿದ್ದಾನೆ. ಬೇಸ್‌ಮೆಂಟಿನಲ್ಲಿ ಫರ್ನೆಸ್, ಅದು ಗಾಳಿ ಬಿಸಿ ಮಾಡಿ ತಗಡಿನ ಡಕ್ಟಿನಲ್ಲಿ, ಅಂದರೆ ದೊಡ್ಡ ಕೊಳವೆಯಲ್ಲಿ, ಎಲ್ಲ ಕೋಣೆಗೂ ತಳ್ಳುತ್ತದೆ. ಆ ಡಕ್ಟಿನ ತಗಡು ಕತ್ತರಿಸಿ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಒಳಗೆ ಜಾಳಿಗೆಯಂಥ ಪ್ಯಾಡ್, ಅದರ ಮೇಲೆ ನೀರು ತೊಟ್ಟಿಕ್ಕುತ್ತದೆ, ಉಳಿದ ನೀರು ಚರಂಡಿಗೆ. ಫರ್ನೆಸ್ಸಿನ ಬಿಸಿಗಾಳಿಯಲ್ಲಿ ಸ್ವಲ್ಪ ಪಾಲು ಈ ಪ್ಯಾಡಿನ ಮೂಲಕ ಸುತ್ತು ಹೊಡೆದು, ವಾಪಸ್ ಬರುವ ಗಾಳಿಯ ಡಕ್ಟಿಗೆ ಸೇರುತ್ತದೆ. ಅದಕ್ಕೆ ಬೈಪಾಸ್ ತರಹದ್ದು ಅನ್ನುತ್ತಾರೆ. ಸ್ವಂತ ಫ್ಯಾನ್ ಇರುವುದು ಇನ್ನೊಂದು, ಅದಕ್ಕೆ ಆ ಸುತ್ತು ಪೈಪು ಬೇಡ. ನೀರು ಕುದಿಸಿ ಆವಿ ಬಿಡುವುದು ಮೂರನೆಯದು. ಅದು ಫರ್ನೆಸ್ಸಿನ ಬಿಸಿಯನ್ನು ನೆಚ್ಚಿಕೊಂಡಿಲ್ಲ, ಆದರೆ ಅದಕ್ಕೆ ಬೇರೆ ಕರೆಂಟ್ ಲೈನ್ ಎಳೆಸಬೇಕು. ತಮ್ಮ ಬೈಪಾಸ್ ತೆಗೆದುಕೊಂಡ. ಫರ್ನೆಸ್ಸಿನ ಫ್ಯಾನೇ ಕೆಲಸ ಮಾಡುತ್ತದೆ, ವರ್ಷಕ್ಕೊಂದು ಪ್ಯಾಡ್ ಬದಲಿಸಿದರೆ ಆಯಿತು.

"ನೀವೂ ಏಸಿಗೆ ಇಂಥದ್ದೊಂದು ಹಾಕಿಸ್ರಿ ಅಕ್ಕಾ" ಅಂದ. ನಮ್ಮದು ಗೋಡೆಗೆ ನೇತು ಹಾಕಿದ ಸ್ಪ್ಲಿಟ್ ಏಸಿ. ಡಕ್ಟೇ ಇಲ್ಲದ ಮನೆಗೆ ಡಕ್ಟಿನ ಯಂತ್ರ ಎಲ್ಲಿ ಹಾಕಿಸಲಿ? ಅಲ್ಲದೆ ಅಲ್ಲಿಯ ಕಷ್ಟ ಬೇರೆ. ಹೊರಗೆ ಮೈನಸ್ 10 ಡಿಗ್ರಿಯ ಗಾಳಿ ಒಳಗೆ ಬಂದು 21 ಡಿಗ್ರಿಗೆ ಬಿಸಿಯಾದರೆ ತೇವ ಶೇ. 11ರ ಹತ್ತಿರ ಇಳಿಯುತ್ತದೆ. ಹಾಗಂತ ಜಾಸ್ತಿ ತೇವವನ್ನೂ ಕೊಡುವಂತಿಲ್ಲ. ಹೊರಗೆ ಮೈನಸ್ 18 ಇದ್ದರೆ ಒಳಗೆ 25ರ ಮೇಲೆ ಇಡಬೇಡಿ ಅನ್ನುತ್ತಾರೆ. ಮೀರಿದರೆ ಕಿಟಕಿ ಗಾಜಿನ ಮೇಲೆ ನೀರು ಇಳಿದು ಅಲ್ಲೇ ಹೆಪ್ಪುಗಟ್ಟುತ್ತದೆ. ನಮಗೆ ಆ ತಾಪತ್ರಯ ಇಲ್ಲ. ನಾನು 45ರಿಂದ 50 ಅಂತ ಗುರಿ ಇಟ್ಟುಕೊಂಡೆ.

ಎಷ್ಟು ನೀರು ಬೇಕು? ನಮ್ಮ ಮಲಗುವ ಕೋಣೆ 10 ಅಡಿಗೆ 12 ಅಡಿ, ಅಂದರೆ ಹತ್ತಿರ ಹತ್ತಿರ 32 ಘನ ಮೀಟರ್ ಗಾಳಿ. 26 ಡಿಗ್ರಿಯಲ್ಲಿ 28ರಿಂದ 45ಕ್ಕೆ ಏರಿಸಲು ಬೇಕಾದ ನೀರು ಸುಮಾರು 130 ಮಿಲಿ. ಒಂದು ಸಣ್ಣ ಲೋಟ! ಇಷ್ಟಕ್ಕೆ ಯಂತ್ರ ಯಾಕೆ ಅನಿಸಿತು. ಆದರೆ ಕೋಣೆ ಡಬ್ಬಿಯಲ್ಲ. ಬಾಗಿಲ ಸಂದಿಯಿಂದ ಗಾಳಿ ಹೋಗುತ್ತ ಬರುತ್ತ ಇರುತ್ತದೆ, ಗಾದಿ ಮತ್ತು ಗೋಡೆ ನೀರು ಕುಡಿಯುತ್ತವೆ. ಕೊನೆಗೆ ಒಂದು ರಾತ್ರಿಗೆ ಒಂದೂವರೆ ಲೀಟರ್ ಹತ್ತಿರ ಬೇಕಾಯಿತು.

ಖರ್ಚಿಲ್ಲದ್ದರಿಂದ ಶುರು ಮಾಡಿದೆ. ಮಣ್ಣಿನ ಗಡಿಗೆ ತುಂಬಿ ಮೂಲೆಯಲ್ಲಿಟ್ಟೆ. ದಿನಕ್ಕೆ 400 ಮಿಲಿ ಕಡಿಮೆಯಾಯಿತು, ಮೀಟರ್ ಮಾತ್ರ ಅಲುಗಲಿಲ್ಲ. ನೀರು ತಣ್ಣಗಾಯಿತು, ಕುಡಿದೆವು. ಒದ್ದೆ ಟವಲ್ ಅದಕ್ಕಿಂತ ವಾಸಿ. ಮಷಿನ್ನಿನಲ್ಲಿ ಹಿಂಡಿದ ದೊಡ್ಡ ಟವಲ್ಲನ್ನು ಅಡುಗೆ ತಕ್ಕಡಿಯಲ್ಲಿ ತೂಗಿ ಕುರ್ಚಿಯ ಮೇಲೆ ಹರವಿದೆ. ಬೆಳಗ್ಗೆ 350 ಗ್ರಾಂ ಹಗುರ. ಮೀಟರ್ 28ರಿಂದ 33ಕ್ಕೆ ಬಂದಿತ್ತು. ಎರಡು ಟವಲ್ ಹಾಕಿದರೆ 38. ಎರಡು ಕುರ್ಚಿ, ಎರಡು ಟವಲ್, ಫ್ಯಾನು ತಿರುಗಬೇಕು, ರಾತ್ರಿ ಎದ್ದವರು ಎಡವಬಾರದು. ಬಾಡಿಗೆ ಮನೆಯಲ್ಲಿ ಒಂದು ತಿಂಗಳ ಮಟ್ಟಿಗೆ ಇರುವುದಾಗಿದ್ದರೆ ನಾನು ಇದನ್ನೇ ಮಾಡುತ್ತಿದ್ದೆ.

ಆಮೇಲೆ ಅಂಗಡಿಗಳಲ್ಲಿ ಎಲ್ಲ ಕಡೆ ಸಿಗುವ ಮಂಜಿನ ಯಂತ್ರ, ಅಲ್ಟ್ರಾಸಾನಿಕ್. ನಾಲ್ಕು ಲೀಟರ್ ಟ್ಯಾಂಕು, 2,400 ರೂಪಾಯಿ. ಒಳಗೊಂದು ಚಿಕ್ಕ ಬಿಲ್ಲೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ನಡುಗಿ ನೀರನ್ನು ಚೂರು ಚೂರು ಮಾಡಿ ಚಿಮ್ಮಿಸುತ್ತದೆ. ಸದ್ದೇ ಇಲ್ಲ. ಮಗನಿಗೆ ಭಾರಿ ಖುಷಿ. ಅವ್ವ ಮಾತ್ರ, "ಮನ್ಯಾಗ ಧೂಪ ಹಾಕಿದಂಗ ಐತಿ, ವಾಸನಿ ಒಂದ ಇಲ್ಲ" ಅಂದಳು.

ಮೂರನೇ ದಿನ ಕನ್ನಡಿಯ ಮೇಲೆ ಬಿಳಿ ಪುಡಿ. ಟೀವಿ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಕಪ್ಪು ಮೊಬೈಲಿನ ಮೇಲೂ. ಈ ಯಂತ್ರ ನೀರನ್ನು ಆವಿ ಮಾಡುವುದಿಲ್ಲ, ಹನಿಯನ್ನೇ ಎಸೆಯುತ್ತದೆ. ಹನಿ ಗಾಳಿಯಲ್ಲಿ ಒಣಗಿದ ಮೇಲೆ ಅದರೊಳಗಿನ ಸುಣ್ಣ ಉಳಿದು ಎಲ್ಲದರ ಮೇಲೆ ಕೂರುತ್ತದೆ. ಕಾರ್ಪೊರೇಷನ್ ನೀರು ಬರುವ ದಿನ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) 100ರ ಒಳಗೆ ತೋರಿಸುತ್ತಿತ್ತು, ಆಗ ಪುಡಿ ಅಷ್ಟಿಲ್ಲ. ಏಪ್ರಿಲಿನಲ್ಲಿ ಸೊಸೈಟಿಗೆ ಟ್ಯಾಂಕರ್ ಶುರುವಾಯಿತು, ಬೋರಿನ ನೀರು, 640. ಮನೆ ತುಂಬ ಹಿಟ್ಟಿನ ಗಿರಣಿ. ಆರ್‌ಒ ನೀರು ಹಾಕಿದರೆ ಪುಡಿ ನಿಲ್ಲುತ್ತದೆ, ನಿಜ. ಆದರೆ ಒಂದು ಲೀಟರ್ ಆರ್‌ಒ ನೀರಿಗೆ ಎರಡು ಮೂರು ಲೀಟರ್ ಸಿಂಕಿಗೆ ಹೋಗುತ್ತದೆ. ಟ್ಯಾಂಕರಿಗೆ ದುಡ್ಡು ಕೊಡುವ ತಿಂಗಳಲ್ಲಿ ಅದು ಹೊಟ್ಟೆ ಉರಿಸುವ ಕೆಲಸ.

ಪುಡಿಗಿಂತ ನನ್ನನ್ನು ಹೆದರಿಸಿದ್ದು ಲೋಳೆ. ನಾಲ್ಕು ದಿನ ತೊಳೆಯದೆ ಬಿಟ್ಟಾಗ ಟ್ಯಾಂಕಿನ ತಳ ಜಾರುತ್ತಿತ್ತು. ನೀರಿನಲ್ಲಿ ಏನಿದೆಯೋ ಅದನ್ನೂ ಈ ಯಂತ್ರ ಹನಿಯ ಜೊತೆ ಗಾಳಿಗೆ ಬಿಡುತ್ತದೆ, ಅದು ಮಗುವಿನ ಮೂಗಿಗೆ. ದಿನಾ ಚೆಲ್ಲಿ ತೊಳೆಯುವ ಶಿಸ್ತು ಇದ್ದವರಿಗೆ ಸರಿ, ನನಗಿಲ್ಲ. ಮೂರನೆಯ ದೂರು, ಅದಕ್ಕೆ ನಿಲ್ಲುವುದು ಗೊತ್ತಿಲ್ಲ. 48ಕ್ಕೆ ನಿಲ್ಲು ಅಂತ ಹೇಳಿದ್ದೆ. ಅದರ ಸೆನ್ಸರ್ ಅದರ ಬೆನ್ನಲ್ಲೇ ಇದೆ, ಫ್ಯಾನಿನ ಗಾಳಿಗೆ ಅಲ್ಲಿ 48 ಆಗುವಷ್ಟರಲ್ಲಿ ಹಾಸಿಗೆಯ ಹತ್ತಿರ 66, ಎದುರಿನ ನೆಲ ಒದ್ದೆ.

ಬತ್ತಿಯದ್ದು, ಅಂದರೆ ಒದ್ದೆ ಪ್ಯಾಡಿನ ಮೂಲಕ ಫ್ಯಾನ್ ಗಾಳಿ ಬಿಡುವ ಯಂತ್ರ, ಅಂಗಡಿಯಲ್ಲಿ ಸಿಗಲಿಲ್ಲ. ಕೇಳಿದರೆ ಮತ್ತೆ ಮಂಜಿನದನ್ನೇ ತೋರಿಸಿದರು. ಆನ್‌ಲೈನಿನಲ್ಲಿ ತರಿಸಿದೆ, 8,900. ದುಬಾರಿ ಅಂತ ಯಜಮಾನರು ಎರಡು ದಿನ ಮಾತಾಡಲಿಲ್ಲ. ನೋಡಲು ಏನೂ ಇಲ್ಲ, ಮಂಜಿಲ್ಲ, ದೀಪವಿಲ್ಲ. ಮಗ ಒಂದು ಸಲ ಇಣುಕಿ ಹೋದ. ಒಂದು ಟೇಬಲ್ ಫ್ಯಾನಿನಷ್ಟು ಸದ್ದು ಇದೆ, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಟ್ಯಾಂಕ್ ತೂಗಿ ನೋಡಿದಾಗ ಗೊತ್ತಾಯಿತು. ಮೊದಲ ಗಂಟೆ 230 ಮಿಲಿ ಎಳೆಯಿತು. ಮೀಟರ್ 46ಕ್ಕೆ ಬಂದ ಮೇಲೆ ಗಂಟೆಗೆ 150 ಕೂಡ ಇಲ್ಲ. ಗಾಳಿಗೆ ಬಾಯಾರಿಕೆ ಇದ್ದಷ್ಟೇ ಕುಡಿಯುತ್ತದೆ. ಒಗೆದ ಬಟ್ಟೆ ಬೇಸಿಗೆಯಲ್ಲಿ ಬೇಗ, ಮಳೆಗಾಲದಲ್ಲಿ ತಡವಾಗಿ ಒಣಗುವುದಿಲ್ಲವಾ, ಅದೇ ಲೆಕ್ಕ. ಯಾವ ಸೆನ್ಸರಿನ ಹಂಗೂ ಇಲ್ಲದೆ ಹತ್ತು ರಾತ್ರಿ 45ರಿಂದ 49ರ ನಡುವೆಯೇ ಇತ್ತು. ಬಿಳಿ ಪುಡಿ ಇಲ್ಲ, ಸುಣ್ಣ ಪೂರ್ತಿ ಪ್ಯಾಡಿನಲ್ಲೇ ಉಳಿಯುತ್ತದೆ. ಟ್ಯಾಂಕರ್ ನೀರಿಗೆ ಐದು ವಾರದಲ್ಲಿ ಪ್ಯಾಡ್ ಹಪ್ಪಳದಂತೆ ಗಟ್ಟಿಯಾಯಿತು. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ಒಂದು ರಾತ್ರಿ ನೆನೆಸಿದೆ, ಮುಕ್ಕಾಲು ಪಾಲು ಸರಿಹೋಯಿತು. ಹೊಸ ಪ್ಯಾಡಿಗೆ 1,100 ರೂಪಾಯಿ. ಕೊಳ್ಳುವ ಮೊದಲೇ ಪ್ಯಾಡ್ ಬಿಡಿಯಾಗಿ ಸಿಗುತ್ತದಾ ಅಂತ ನೋಡಿಕೊಳ್ಳಿ. ಸಿಗದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಕುದಿಸುವ ಯಂತ್ರವನ್ನು ಪಕ್ಕದ ಮನೆಯವರಿಂದ ಎರಡು ರಾತ್ರಿಗೆ ತಂದಿದ್ದೆ. ಶುದ್ಧ ಆವಿ, ಅದರಲ್ಲಿ ತಕರಾರಿಲ್ಲ. ಒಂದು ಲೀಟರಿಗೆ ಮುಕ್ಕಾಲು ಯೂನಿಟ್ ಹತ್ತಿರ ಕರೆಂಟು. ಐದು ವರ್ಷದ ಹುಡುಗ ಓಡಾಡುವ ಕೋಣೆಯಲ್ಲಿ ಕುದಿಯುವ ನೀರು ಇಟ್ಟು ನನಗೆ ನಿದ್ದೆ ಬರಲಿಲ್ಲ, ವಾಪಸ್ ಕೊಟ್ಟೆ.

ತಮ್ಮನ "ಇಡೀ ಮನೆ" ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಅಂದರೆ ಡೆಸರ್ಟ್ ಕೂಲರ್. ಪ್ಯಾಡ್, ನೀರು, ಫ್ಯಾನ್, ತತ್ವ ಎಲ್ಲ ಒಂದೇ. ಮಾಳಿಗೆಯಿಂದ ಹಳೆಯದನ್ನು ಇಳಿಸಿ, ಕಿಟಕಿ ಮುಚ್ಚಿ, ಕೋಣೆಗಳ ಬಾಗಿಲು ತೆರೆದು ಹಾಲಿನಲ್ಲಿ ಹಚ್ಚಿದೆ. ನಲವತ್ತು ನಿಮಿಷಕ್ಕೆ ಹಾಲು 64. ಮೈ ಅಂಟಂಟು. ಅತ್ತ ಮಲಗುವ ಕೋಣೆಯಲ್ಲಿ ಇನ್ನೂ 41. ಗಾಳಿಯನ್ನು ಕೋಣೆ ಕೋಣೆಗೆ ತಳ್ಳುವ ಡಕ್ಟ್ ಇಲ್ಲದಿದ್ದರೆ ತೇವ ತಾನಾಗಿ ನಡೆದು ಹೋಗುವುದಿಲ್ಲ. ಕಿಟಕಿ ತೆರೆದರೆ ಸೆಕೆ ಹೋಗುತ್ತದೆ, ಜೊತೆಗೆ ತೇವವೂ. ಕೂಲರ್ ತಂಪಿಗೆ ಇರುವುದು, ಅದನ್ನು ಅದರ ಕೆಲಸಕ್ಕೇ ಬಿಡಿ. ಮತ್ತೆ ಎಂಟು ದಿನ ನೀರು ಬದಲಿಸದೆ ಬಿಟ್ಟಿದ್ದೆ, ತೊಟ್ಟಿಯಲ್ಲಿ ಸೊಳ್ಳೆಮರಿ ಕುಣಿಯುತ್ತಿದ್ದವು. ಡೆಂಗಿ ಸೊಳ್ಳೆಗೆ ಇಂಥ ತಿಳಿ ನೀರೇ ಬೇಕು. ಯಾವ ಯಂತ್ರವಾದರೂ ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ ಒಣಗಿಸಿ.

ಹಾಗಾಗಿ ಮಲಗುವ ಕೋಣೆಗೆ ಬತ್ತಿಯ ಯಂತ್ರ ಉಳಿಯಿತು. ಆ ಬೇಸಿಗೆಯಲ್ಲಿ ಮಗನಿಗೆ ಮತ್ತೆ ರಕ್ತ ಬರಲಿಲ್ಲ. ಮೂಗಿನ ಹನಿಯೂ ನಡೆದಿತ್ತು, ಪೂರ್ತಿ ಹೆಸರನ್ನು ಯಂತ್ರಕ್ಕೆ ಕೊಡುವುದಿಲ್ಲ. ಮಂಜಿನದನ್ನು ಆಫೀಸಿನ ಹುಡುಗಿಯೊಬ್ಬಳಿಗೆ ಕೊಟ್ಟೆ, ಅವಳ ಮನೆಗೆ ಟ್ಯಾಂಕರ್ ಬರುವುದಿಲ್ಲ.

ತಂಬೂರಿಗೆ ಮಾತ್ರ ಯಾವ ಯಂತ್ರವೂ ಬೇಕಾಗಲಿಲ್ಲ. ಅದು ಇರುವುದು ಹಾಲಿನಲ್ಲಿ, ಅಷ್ಟು ದೊಡ್ಡ ಜಾಗಕ್ಕೆ ದಿನವಿಡೀ ತೇವ ಕೊಡುವುದು ಆಗದ ಮಾತು. ಸೋಪಿನ ಡಬ್ಬಿಗೆ ತೂತು ಕೊರೆದು, ಹಿಂಡಿದ ಸ್ಪಂಜ್ ಇಟ್ಟು, ಬುರುಡೆಗೆ ತಾಗದಂತೆ ತಂಬೂರಿಯ ಗವಸಣಿಗೆಯೊಳಗೆ ಸೇರಿಸಿದೆ. ಜೊತೆಗೆ "+6" ಮೀಟರನ್ನೂ ಇಟ್ಟೆ. ಮುಚ್ಚಿದ ಗವಸಣಿಗೆಯೊಳಗೆ ಎರಡು ದಿನಕ್ಕೆ 47. ಬಿರಡೆ ಜಾರುವುದು ನಿಂತಿತು. ಜೂನ್ ಎರಡನೇ ವಾರ ಮಳೆ ಹಿಡಿಯಿತು, ಹಾಲಿನ ಮೀಟರ್ 82. ಯಂತ್ರದ ಪ್ಯಾಡ್ ಒಣಗಿಸಿ ಮಾಳಿಗೆಗೆ ಏರಿಸಿದೆ, ಸ್ಪಂಜ್ ತೆಗೆದೆ. ಅವ್ವ ತಂಬೂರಿ ತೊಡೆಯ ಮೇಲೆ ಇಟ್ಟುಕೊಂಡು ಬಿರಡೆ ತಿರುಗಿಸಲು ನೋಡಿದಳು. ಉಬ್ಬಿ ಕಚ್ಚಿಕೊಂಡಿದೆ, ಅಲ್ಲಾಡುತ್ತಲೇ ಇಲ್ಲ.