ಪಟ್ಟಿ ಕತ್ತರಿಸುವ ಕೆಲಸಕ್ಕೆ ಹ್ಯೂಗೋ ಹೇಗಿದೆ?

ಬದಿಯಡ್ಕ ಸಮೀಪದ ನಮ್ಮ ಯಕ್ಷಗಾನ ಸಂಘದ ಜಾಲತಾಣವನ್ನು ಹ್ಯೂಗೋ ಎಂಬ ಸ್ಟ್ಯಾಟಿಕ್ ಸೈಟ್ ಜನರೇಟರಿನಲ್ಲಿ, ಅಂದರೆ ತಾಣದ ಪುಟಗಳನ್ನೆಲ್ಲ ಮೊದಲೇ ಸಿದ್ಧಪಡಿಸಿ ಇಡುವ ತಂತ್ರಾಂಶದಲ್ಲಿ, ನಡೆಸುತ್ತಿದ್ದೇವೆ. 2013ರಲ್ಲಿ ಹೊರಬಂದ, ಗೋ ಭಾಷೆಯಲ್ಲಿ ಬರೆದ ಈ ಉಚಿತ ತಂತ್ರಾಂಶದ ವೇಗವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಟೆಂಪ್ಲೇಟಿನೊಳಗೆ (ಪುಟದ ಅಚ್ಚಿನೊಳಗೆ) ಪಟ್ಟಿಗಳನ್ನು ಕತ್ತರಿಸಲು ಅದರಲ್ಲಿರುವ ಅನುಕೂಲ.

ಮುಖಪುಟದ ಮೇಲ್ಭಾಗದಲ್ಲಿ ಮೂರು ಕಾರ್ಯಕ್ರಮಗಳು ಚಿತ್ರಸಹಿತವಾಗಿ, ಉಳಿದವು ಕೆಳಗೆ ಬರಿಯ ಶೀರ್ಷಿಕೆಗಳಾಗಿ ಕಾಣಬೇಕೆಂಬುದು ಸಂಘದವರ ಅಪೇಕ್ಷೆಯಾಗಿತ್ತು. ಹ್ಯೂಗೋದ ಟೆಂಪ್ಲೇಟಿನಲ್ಲಿ ಇದಕ್ಕೆ ಬರೆಯುವ 'ಫಸ್ಟ್ 3' ಎಂದರೆ ಪಟ್ಟಿಯ ಮೊದಲ ಮೂರು, 'ಆಫ್ಟರ್ 3' ಎಂದರೆ ಆ ಮೂರನ್ನು ಬಿಟ್ಟು ಉಳಿದುದೆಲ್ಲ. ನಾಲ್ಕರಿಂದ ಎಂಟರವರೆಗಿನವು ಮಾತ್ರ ಬೇಕಿದ್ದರೆ 'ಆಫ್ಟರ್ 3' ಭಾಗವನ್ನು ಆವರಣದೊಳಗಿಟ್ಟು ಅದರ ಮುಂದೆ 'ಫಸ್ಟ್ 5' ಎಂದು ಬರೆದರಾಯಿತು. ಇಂತಹದೇ ಇನ್ನೊಂದು ತಂತ್ರಾಂಶವಾದ ಜೆಕಿಲ್‌ನಲ್ಲಿಯೂ 'ಲಿಮಿಟ್', 'ಆಫ್‌ಸೆಟ್' ಎಂಬವುಗಳಿಂದ ಇದೇ ಕೆಲಸ ಆಗುತ್ತದೆ. ಆದರೆ ಹ್ಯೂಗೋದಲ್ಲಿ ಕತ್ತರಿಸಿದ ತುಂಡಿಗೆ ಒಂದು ಹೆಸರು ಕೊಟ್ಟು ಬೇರೆ ಕಡೆ ಬಳಸುವುದು ನನಗೆ ಹೆಚ್ಚು ಸಲೀಸೆನಿಸಿದೆ.

ಈ ಏರ್ಪಾಡಿನ ಬೆಲೆ ತಿಳಿಯುವುದು ಮಳೆಗಾಲದಲ್ಲಿ. ಪತ್ತನಾಜೆಗೆ (ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ತುಳುವರ ಪರ್ವದಿನ) ಮೇಳಗಳ ತಿರುಗಾಟ ಮುಗಿದ ಬಳಿಕ ನಮ್ಮ ಪಟ್ಟಿಯಲ್ಲಿ ಒಂದೆರಡು ತಾಳಮದ್ದಳೆಗಳಷ್ಟೇ ಉಳಿಯುತ್ತವೆ. ಆಗಲೂ 'ಫಸ್ಟ್ 3' ದೋಷ ತೋರಿಸಿ ನಿಂತುಬಿಡದೆ ಇದ್ದಷ್ಟನ್ನೇ ಕೊಡುತ್ತದೆ, 'ಆಫ್ಟರ್ 3' ಖಾಲಿ ಪಟ್ಟಿಯನ್ನು ಕೊಡುತ್ತದೆ. ಆ ಭಾಗವನ್ನು, ಪಟ್ಟಿಯಲ್ಲಿ ಏನಾದರೂ ಇದ್ದರಷ್ಟೇ ತೋರಿಸುವ 'ವಿತ್' ಒಳಗೆ ಇಟ್ಟರೆ 'ಇತರ ಕಾರ್ಯಕ್ರಮಗಳು' ಎಂಬ ತಲೆಬರಹವೂ ತಾನಾಗಿ ಮರೆಯಾಗುತ್ತದೆ. ಸೇವೆಯೆಂದು ದುಡಿಯುವವರೇ ತಾಣವನ್ನು ನೋಡಿಕೊಳ್ಳುವ ನಮ್ಮಂತಹ ಸಂಘಗಳಿಗೆ ಇದು ಸಣ್ಣ ಉಪಕಾರವಲ್ಲ.

ಹೊಸಬರಿಗೆ ತೊಡಕಾಗುವ ಸಂಗತಿಗಳೂ ಇವೆ. 'ಸ್ಲೈಸ್' (ಹೋಳು) ಎಂಬುದು ಹೆಸರಿಗೆ ತಕ್ಕಂತೆ ಇಲ್ಲಿ ಪಟ್ಟಿಯನ್ನು ಕತ್ತರಿಸುವುದಿಲ್ಲ, ಹೊಸ ಪಟ್ಟಿಯನ್ನು ಕಟ್ಟುತ್ತದೆ. ಪುಟಗಳು ಸಾಮಾನ್ಯವಾಗಿ ಹೊಸ ದಿನಾಂಕದಿಂದ ಹಳೆಯದಕ್ಕೆ ಬರುವುದರಿಂದ, ಮುಂಬರುವ ಆಟಗಳನ್ನು ತೋರಿಸುವವರು ಕತ್ತರಿಸುವ ಮೊದಲೇ ಹತ್ತಿರದ ದಿನ ಮೊದಲು ಬರುವಂತೆ ಪಟ್ಟಿಯನ್ನು ಜೋಡಿಸಿಕೊಳ್ಳಬೇಕು. ಮುಂದಿನ ದಿನಾಂಕವಿರುವ ಪುಟವನ್ನು ಹ್ಯೂಗೋ ತಾನಾಗಿ ಪ್ರಕಟಿಸುವುದೂ ಇಲ್ಲ. ಆದ್ದರಿಂದ ಆಟದ ದಿನವನ್ನು ಪುಟದ ದಿನಾಂಕವಾಗಿ ಬರೆಯದೆ ಪ್ರತ್ಯೇಕ ಅಂಶವಾಗಿ ಬರೆಯುವುದು ಕ್ಷೇಮ. ಮುಗಿದ ಕಾರ್ಯಕ್ರಮಗಳನ್ನು 'ವೇರ್' ಸೋಸಿ ತೆಗೆಯುತ್ತದೆಯಾದರೂ ಅದು ನಡೆಯುವುದು ತಾಣವನ್ನು ಬಿಲ್ಡ್ ಮಾಡುವಾಗ, ಅಂದರೆ ಅದರ ಪುಟಗಳನ್ನು ಹೊಸದಾಗಿ ಸಿದ್ಧಪಡಿಸುವಾಗ ಮಾತ್ರ. ದಿನಕ್ಕೊಮ್ಮೆ ಬಿಲ್ಡ್ ಆಗುವ ವ್ಯವಸ್ಥೆ ಇಲ್ಲದಿದ್ದರೆ ಮುಗಿದುಹೋದ ಆಟವೇ ಮುಖಪುಟದ ಮೊದಲ ಸ್ಥಾನದಲ್ಲಿ ಉಳಿದು, ಪ್ರೇಕ್ಷಕರ ದಾರಿ ತಪ್ಪಿಸುತ್ತದೆ.